ವಾರ್ನಿಶಿನ ಬಾಗಿಲಿಗೆ ಹಸಿರು ಬಣ್ಣ

ಹಸಿರು ಬಣ್ಣ ಕಂಡರೆ ನನಗೆ ದಣಿವಾಗುತ್ತದೆ. ಹೊಲದ ಹಸಿರಲ್ಲ, ಡಬ್ಬಿಯ ಹಸಿರು. ಮೊನ್ನೆ ನಮ್ಮ ಓಣಿಯ ತುದಿಗೆ ಯಾರೋ ಹೊಸ ಮನೆಯ ಕಿಟಕಿಗೆ ಅದನ್ನೇ ಬಳಿಯುತ್ತಿದ್ದರು. ಎಣ್ಣೆಬಣ್ಣದ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಗೈ ಭುಜದಿಂದ ಕೆಳಗೆ ತಾನಾಗಿಯೇ ಸೋತುಹೋಯಿತು. ಮನೆಗೆ ಬಂದು ಗೋಡೆಗೆ ಒರಗಿ ಕುಳಿತೆ. ಏನೂ ಮಾಡದೆ ದಣಿಯುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದೆಂದು ನನ್ನ ಹೆಂಡತಿ, ನಮ್ಮಾಕಿ, ಹೇಳುವುದುಂಟು. ಆ ದಿನವೂ ಹೇಳಿದಳು. ಆದರೆ ಈ ಒಂದು ದಣಿವಿಗೆ ಮಾತ್ರ ಕಾರಣವಿದೆ, ಆ ಕಾರಣ ನಾನು ಒರಗಿ ಕುಳಿತ ಜಾಗದಿಂದ ಕಾಣುತ್ತಲೇ ಇತ್ತು. ನಮ್ಮ ಮನೆಯ ತಲೆಬಾಗಿಲು.

ಬಾಗಿಲುಗಳ ಬಗ್ಗೆ ಮಾತಾಡಲು ನನಗೆ ಒಂದಿಷ್ಟು ಹಕ್ಕಿದೆ. ನಾನು ಕೋರ್ಟಿನ ಬೇಲೀಫ. ಸಮನ್ಸು, ನೋಟೀಸು ಹಿಡಿದು ಗೋಕಾಕದ ಓಣಿಗಳಲ್ಲಿ, ಮೂಡಲಗಿಯ ಪೇಟೆಯಲ್ಲಿ, ನಡುವಿನ ಹಳ್ಳಿಗಳಲ್ಲಿ ತಿರುಗುವುದು ನನ್ನ ಹೊಟ್ಟೆಪಾಡು. ಉಳಿದ ಜನ ಬಾಗಿಲನ್ನು ಒಳಗಿನಿಂದಲೂ ನೋಡುತ್ತಾರೆ, ಹೊರಗಿನಿಂದಲೂ ನೋಡುತ್ತಾರೆ. ನನ್ನ ಪಾಲಿಗೆ ಬಂದದ್ದು ಹೊರಮೈ ಮಾತ್ರ. ನನ್ನ ಹೆಜ್ಜೆಯ ಸಪ್ಪಳ ಕೇಳಿದೊಡನೆ ಒಳಗೆ ಅಗಳಿ ಬೀಳುತ್ತದೆ. ಒಮ್ಮೆ ಒಂದು ಹಳ್ಳಿಯಲ್ಲಿ ಬಾಗಿಲು ತಟ್ಟಿದಾಗ ಒಳಗಿನಿಂದ ಗಂಡಸಿನ ದನಿ, ಯಜಮಾನರು ಊರಲ್ಲಿಲ್ಲ ಎಂದಿತು. ಹಾಗಾದರೆ ನೀವ್ಯಾರ್ರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ನಾನೂ ಇಲ್ರಿ" ಎಂದಿತು. ಇಂಥ ಬಾಗಿಲುಗಳ ಮುಂದೆ ನಿಂತು ನಿಂತು ನನ್ನ ಕಾಲು ಸವೆದಿದೆ.

ಕೋರ್ಟಿನಲ್ಲಿ ಕಲಿತದ್ದು ಇನ್ನೊಂದಿದೆ. ಸಾಕ್ಷಿ ಹೇಳುವವನು ತಡವರಿಸಿದರೆ, ಹಿಂದೆ ಮುಂದೆ ಮಾಡಿದರೆ, ಅವನು ಏನೋ ಒಂದಿಷ್ಟು ಕಂಡಿರುತ್ತಾನೆ. ಮೊದಲಿನಿಂದ ಕೊನೆಯತನಕ ಒಂದು ಎಳೆ ತಪ್ಪದಂತೆ ಹೇಳಿದರೆ ಅವನಿಗೆ ಯಾರೋ ಕಲಿಸಿದ್ದಾರೆಂದೇ ಅರ್ಥ. ಹೀಗಾಗಿ ನನ್ನ ನೆನಪುಗಳಲ್ಲಿ ಅಚ್ಚುಕಟ್ಟಾಗಿರುವುದು ಯಾವುದಾದರೂ ಎದ್ದು ಬಂದರೆ ನನಗೆ ಅನುಮಾನ ಬರುತ್ತದೆ. ನಿನಗೆ ಯಾರು ಕಲಿಸಿದರು ಎಂದು ಕೇಳಬೇಕೆನ್ನಿಸುತ್ತದೆ.

ಈಗ ನೋಡಿ, ಈ ಬಾಗಿಲಿನ ಮೊದಲ ನೆನಪು. ಮೂಡಲಗಿಯ ನಮ್ಮ ಹಳೆಯ ಮನೆ. ನಮ್ಮ ಅಜ್ಜ ಯಾವುದೋ ಕೆಲಸಕ್ಕೆ ಬೆಳಗಾವಿಗೆ ಹೋದಾಗ ಅಲ್ಲಿಯ ಬಂಗಲೆಗಳ ಬಾಗಿಲಿಗೆ ವಾರ್ನಿಶ್ ಹಚ್ಚಿದ್ದನ್ನು ಕಂಡು ಮರುಳಾಗಿ, ಬಾಟಲಿಗಳನ್ನೂ ಹಚ್ಚುವ ಮನುಷ್ಯನನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದ. ಆಗ ಮೂಡಲಗಿಯ ಬಾಗಿಲುಗಳೆಲ್ಲ ಅಗಸಿ ಎಣ್ಣೆ ಕುಡಿದು ಕಪ್ಪಗೆ ಮಂಕಾಗಿ ಇರುತ್ತಿದ್ದವು. ನಮ್ಮದು ಮಾತ್ರ ಮಿರಮಿರ ಮಿಂಚಿತು. ಜನ ನೋಡಲು ಬಂದರು. ಹೆಂಗಸರು ಅದರಲ್ಲಿ ಮುಖ ನೋಡಿ ಸೆರಗು ಸರಿಮಾಡಿಕೊಂಡರು. ನಮ್ಮದೇ ಎತ್ತು ತನ್ನ ನೆರಳನ್ನು ಕಂಡು ಕೊಂಬು ಇಳಿಸಿತಂತೆ. ನಾನು ಯಾರೂ ಇಲ್ಲದಾಗ ಹೋಗಿ ಆ ಬಾಗಿಲನ್ನು ನೆಕ್ಕಿದೆ. ಕಬ್ಬಿನ ಸೀಮೆಯ ಹುಡುಗ. ಹೊಳೆಯುವ ಕೆಂಪು ಕಂಡರೆ ಜೋನಿಬೆಲ್ಲ ಎಂದೇ ತಿಳಿಯುವವನು. ನಾಲಗೆಯ ಮೇಲೆ ಆದ ಉರಿ, ಗಂಟಲಿಗೆ ಇಳಿದ ಕಹಿ, ಇವತ್ತಿಗೂ ನೆನೆದರೆ ಬಾಯಲ್ಲಿ ನೀರಾಡುತ್ತದೆ.

ಈ ಕಥೆಯನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ. ಒಮ್ಮೆ ಅವ್ವನ ಎದುರಿಗೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ನೀ ಆಗ ಎಲ್ಲಿದ್ದಿ? ವಾರನೀಸ ಹಚ್ಚಿದಾಗ ನಾ ಇನ್ನೂ ಆ ಮನಿಗೆ ಸೊಸಿಯಾಗಿ ನಡೀಲಿಕ್ಕೂ ಬಂದಿದ್ದಿಲ್ಲ. ನೆಕ್ಕಿದಾಂವ ನಿಮ್ಮ ಕಾಕಾ" ಎಂದಳು.

ಅಂದರೆ ಆ ಕಹಿ ಕಾಕಾನದು. ನಾನು ಅದನ್ನು ಯಾವಾಗ ಎತ್ತಿಕೊಂಡೆನೋ ತಿಳಿಯದು. ಹೇಳುತ್ತ ಹೇಳುತ್ತ ನನ್ನ ನಾಲಗೆಗೆ ಅಂಟಿಕೊಂಡಿದೆ. ಈಗಲೂ ಬಿಟ್ಟುಹೋಗಿಲ್ಲ.

ನಾನು ಖಂಡಿತವಾಗಿ ಇದ್ದದ್ದು ಪಾಲಾದ ದಿನ. ಅಜ್ಜ ತೀರಿಕೊಂಡ ಮೇಲೆ ಅಪ್ಪನಿಗೂ ಕಾಕಾನಿಗೂ ಕೂಡಿ ಬಾಳುವುದಾಗಲಿಲ್ಲ. ಮನೆಯ ಜಾಗವನ್ನು ಬಾಜೂಕಿನ ಬೆಲ್ಲದ ವ್ಯಾಪಾರಿ ತನ್ನ ಗೋದಾಮಿಗಾಗಿ ಕೊಂಡ. ಅವನಿಗೆ ಜಾಗ ಬೇಕಾಗಿತ್ತೇ ಹೊರತು ಕಟ್ಟಿಗೆ ಬೇಕಾಗಿರಲಿಲ್ಲ. ಹೀಗಾಗಿ ತೊಲೆ, ಕಂಬ, ಜಂತಿ ಎಲ್ಲವನ್ನೂ ಬಿಚ್ಚಿ ಅಣ್ಣತಮ್ಮಂದಿರಿಗೆ ಹಂಚಬೇಕಾಯಿತು. ಹಿರಿಯರು ಬಂದು ಕುಳಿತರು. ಎಲ್ಲದರಲ್ಲೂ ತಕರಾರು ಎದ್ದಿತು. ಬಾಗಿಲಿನ ಸರದಿ ಬಂದಾಗ ಹಿರಿಯರಿಗೆ ಉಸಿರು ಬಂದ ಹಾಗಾಯಿತಂತೆ. ಮಕ್ಕಳು ಇಬ್ಬರು, ಕದಗಳು ಎರಡು. ಇದಕ್ಕಿಂತ ಸುಲಭದ ಪಾಲು ಎಲ್ಲಿದ್ದೀತು? ಒಂದು ಕದ ಅಣ್ಣನಿಗೆ, ಒಂದು ಕದ ತಮ್ಮನಿಗೆ ಎಂದು ಹೇಳಿ, ತಮ್ಮ ಜಾಣತನಕ್ಕೆ ತಾವೇ ತಲೆದೂಗಿ ಎಲೆಅಡಿಕೆ ಹಾಕಿಕೊಂಡರು.

ಒಂದು ಬಾಗಿಲನ್ನು ಎರಡು ಊರಿಗೆ ಹಂಚಿದರೆ ಎರಡೂ ಊರಲ್ಲಿ ಬಾಗಿಲು ಇರುವುದಿಲ್ಲ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದರೂ ಊಟದ ಹೊತ್ತಾಗಿತ್ತು.

ಆದರೆ ಜಗಳ ಹತ್ತಿದ್ದು ಅದರ ಮೇಲಲ್ಲ. ಚಿಲಕದ ಸರಪಳಿ ಇದ್ದ ಕದ ಅಪ್ಪನ ಪಾಲಿಗೆ ಬಂತು. ಹಿರಿಯ ಮಗನೆಂದು ಚೌಕಟ್ಟೂ ಅಪ್ಪನಿಗೇ ಹೋಯಿತು. ಕಾಕಾ ಎದ್ದು ನಿಂತು, ಚೌಕಟ್ಟು ಅವನಿಗೆ, ಚಿಲಕ ಅವನಿಗೆ, ಅಂದ ಮೇಲೆ ಬಾಗಿಲು ಅವನಿಗೇ ಹೋಯಿತು, ನನಗೆ ಬಂದದ್ದು ಬರೀ ಹಲಗೆ ಎಂದ. ಅಪ್ಪ ಏನೋ ಅಂದ. ಏನೆಂದ ಎಂಬುದಕ್ಕೆ ನಮ್ಮ ಬಳಗದಲ್ಲಿ ಬೇರೆ ಬೇರೆ ಪಾಠಗಳಿವೆ, ಒಂದೂ ಚೆನ್ನಾಗಿಲ್ಲ. ಕಾಕಾ ಹಣೆಯ ವಿಭೂತಿ ಮುಟ್ಟಿ, ಅಣ್ಣನ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಮಾಡಿದ. ನಾನು ಅಲ್ಲೇ ಇದ್ದೆನೆಂದು ಎಲ್ಲರೂ ಹೇಳುತ್ತಾರೆ. ನನಗೆ ನೆನಪಿರುವುದು ಆ ವ್ಯಾಪಾರಿ ನನ್ನ ಕೈಗಿಟ್ಟ ಬೆಲ್ಲದ ಹೆಂಟೆ, ಅದಕ್ಕೆ ಮುತ್ತಿದ ಇರುವೆ. ಅದೂ ಆ ದಿನದ್ದೋ ಅಲ್ಲವೋ.

ಅಪ್ಪ ತನ್ನ ಕದ ಹೇರಿಕೊಂಡು ಗೋಕಾಕಕ್ಕೆ ಬಂದ. ಕಾಕಾ ತನ್ನ ಕದ ಹೇರಿಕೊಂಡು ಹುಕ್ಕೇರಿಗೆ ಹೋದ. ಇಬ್ಬರೂ ಬಡಗಿಯನ್ನು ಕರೆಸಿ ಇಲ್ಲದ ಕದಕ್ಕೆ ಜೋಡು ಮಾಡಿಸಿದರು. ನಮ್ಮ ಹೊಸ ಕದ ಎಷ್ಟು ವಾರ್ನಿಶ್ ಬಳಿದರೂ ಹಳೆಯದರ ಬಣ್ಣಕ್ಕೆ ಬರಲಿಲ್ಲ. ದಪ್ಪವೂ ಕೂಡಲಿಲ್ಲ. ಎರಡರ ನಡುವೆ ಒಂದು ಸಂದು ಉಳಿದು, ನಾನು ಬೆಳೆದದ್ದೆಲ್ಲ ಆ ಸಂದಿನಿಂದ ಬರುವ ಗಾಳಿಯಲ್ಲೇ. ಅಪ್ಪ ವರ್ಷಕ್ಕೊಮ್ಮೆ ವಾರ್ನಿಶ್ ಬಳಿಸುತ್ತಿದ್ದ. ಅವ್ವ ಅಮಾವಾಸ್ಯೆಗೊಮ್ಮೆ ಎಣ್ಣೆಯ ಅರಿವೆಯಿಂದ ಎರಡೂ ಕದಗಳನ್ನು ತಿಕ್ಕಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾಕಾನ ಹೆಂಡತಿ, ನನ್ನ ಚಿಗವ್ವ, ನಮ್ಮ ಅವ್ವನ ಒಡಹುಟ್ಟಿದ ತಂಗಿ. ಅಕ್ಕ ತಂಗಿಯರನ್ನು ಅಣ್ಣ ತಮ್ಮಂದಿರಿಗೆ ತಂದುಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಅತ್ತೆಮನೆಯಲ್ಲಿ ಒಬ್ಬರಿಗೊಬ್ಬರು ಇರಲೆಂದು. ಗಂಡಂದಿರ ಜಗಳದಲ್ಲಿ ಈ ಇಬ್ಬರ ನಡುವೆಯೂ ಬಾಗಿಲು ಬಿತ್ತು. ಅಪ್ಪ ಆಣೆ ಮಾಡಿರಲಿಲ್ಲವಾದ್ದರಿಂದ ಅವ್ವ ಹುಕ್ಕೇರಿಗೆ ಹೋಗಬಹುದಾಗಿತ್ತು. ಹೋಗುತ್ತಿದ್ದಳು. ಬುತ್ತಿ ಕಟ್ಟಿಕೊಂಡು ಹೋಗಿ ತಂಗಿಯ ಮನೆಯಲ್ಲಿ ಇದ್ದು, ಸಿಟ್ಟು ಮಾಡಿಕೊಂಡು ಬರುತ್ತಿದ್ದಳು. ಯಾಕೆಂದರೆ ಹೋಗುವವಳು ಯಾವಾಗಲೂ ಅವಳೇ. ತಂಗಿ ಒಮ್ಮೆಯೂ ಗೋಕಾಕದ ಮನೆಯಲ್ಲಿ ನೀರು ಕುಡಿಯಲಿಲ್ಲ. ನಾನು ಚಿಗವ್ವನನ್ನು ಕಂಡದ್ದೆಲ್ಲ ಹುಕ್ಕೇರಿಯಲ್ಲಿ, ಇಲ್ಲವೇ ಮಂದಿಯ ಮದುವೆಗಳಲ್ಲಿ.

ಅಪ್ಪ ಹೋದ. ಬಹಳ ವರ್ಷಗಳ ಮೇಲೆ ಕಾಕಾನೂ ಹೋದ. ಇನ್ನೇನು ಎಲ್ಲ ಮುಗಿಯಿತೆಂದು ನಾನು ತಿಳಿದಿದ್ದೆ. ಎರಡನೆಯ ಮಹಾಯುದ್ಧದ ಕಾಲ, ಲಡಾಯಿ ನಡೆದಿತ್ತು. ಅವ್ವ ಬಚ್ಚಲಲ್ಲಿ ಕಾಲುಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಡಾಕ್ಟರು ನೋಡಿ, ಗಾಡಿಯಲ್ಲಿ ಕೂಡ ಎಲ್ಲಿಗೂ ಒಯ್ಯಬೇಡಿ, ಮಲಗಿದಲ್ಲೇ ನೋಡಿಕೊಳ್ಳಿ ಎಂದು ಹೇಳಿ, ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಡಾಕ್ಟರು ಹೆಗಲ ಮೇಲೆ ಕೈಯಿಟ್ಟರೆ ಏನರ್ಥವೆಂದು ನಿಮಗೂ ಗೊತ್ತು. ಅವ್ವ ನಮ್ಮಾಕಿಯ ಕೈಯಲ್ಲಿ ಏನೂ ಮಾಡಿಸಿಕೊಳ್ಳಲು ಒಲ್ಲಳು. ಬೇಡ ಎನ್ನಲಿಲ್ಲ, ನಾಚಿಕೆ. ತಂಗಿಯನ್ನು ಕರೆಸು ಎಂದಳು.

ಸುದ್ದಿ ಮುಟ್ಟಿದ ಮರುದಿನವೇ ಚಿಗವ್ವ ಬಂದಳು. ಬಂದವಳು ಕಟ್ಟೆಯ ಮೇಲೆ ಕುಳಿತಳು. ಬಾಗಿಲು ತೆರೆದೇ ಇತ್ತು. ಹಗಲಲ್ಲಿ ಬಾಗಿಲು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಪಡಸಾಲೆಯಲ್ಲಿ ಹೊರಸಿನ ಮೇಲೆ ಅವ್ವ. ನಡುವೆ ಹೊಸ್ತಿಲು.

"ಒಳಗ ಬಾ ತಂಗಿ" ಎಂದಳು ಅವ್ವ.

"ಬರಾಕ ಬರೂದಿಲ್ಲಕ್ಕಾ."

"ನಿನ್ನ ಗಂಡ ಸತ್ತಾನಲ್ಲ."

"ಸತ್ತಾರಂತನ ಬರಾಕ ಬರೂದಿಲ್ಲ. ಇದ್ದಿದ್ರ ಜಗಳಾ ಆಡಿ ಬಿಡಸ್ಕೊಂತಿದ್ನಿ."

ಬದುಕಿದ್ದವನ ಹಟ ಎಂದಾದರೊಂದು ದಿನ ಸಡಿಲಾದೀತು. ಸತ್ತವನನ್ನು ಎಲ್ಲಿ ಹೋಗಿ ಕೇಳುವುದು? ಹಿತ್ತಲಿನಿಂದ ಬಾ ಎನ್ನೋಣವೆಂದರೆ ನಮ್ಮದು ಗುಡ್ಡಕ್ಕೆ ಬೆನ್ನುಕೊಟ್ಟ ಮನೆ, ಹಿತ್ತಲ ಬಾಗಿಲಿಲ್ಲ. ಕದಗಳನ್ನೇ ಬಿಚ್ಚಿ ಇಡುತ್ತೇನೆಂದು ನಾನು ಅಂದೆ. ಅವ್ವ ಮಲಗಿದಲ್ಲಿಂದಲೇ, ತಾನು ಇರುವತನಕ ಗಂಡನ ಪಾಲಿನ ಕದ ಆ ಬಿಜಾಗರಿಯಿಂದ ಇಳಿಯಕೂಡದು ಎಂದಳು. ಆ ಸಂಜೆಯತನಕ ಒಬ್ಬಳು ಹೊರಗೆ, ಒಬ್ಬಳು ಒಳಗೆ ಕೂಗಿ ಕೂಗಿ ಮಾತಾಡಿದರು. ಕೇಳಬಾರದ ಮಾತುಗಳನ್ನೆಲ್ಲ ಓಣಿ ಕೇಳಿತು. ಅವ್ವನ ಮೈ ಒರೆಸಬೇಕಾದ ಕೈಗಳು ಕಟ್ಟೆಯ ಮೇಲೆ ಸುಮ್ಮನೆ ಒಂದರ ಮೇಲೊಂದು ಕುಳಿತಿದ್ದವು. ಚಿಗವ್ವ ಆ ರಾತ್ರಿ ಎದುರುಮನೆಯವರ ಪಡಸಾಲೆಯಲ್ಲಿ ಮಲಗಿದಳು.

ಬೆಳಗ್ಗೆ ಭಿಕ್ಷೆಗೆ ಬರುವ ಮಠದ ಅಯ್ಯನವರು ಕಟ್ಟೆಯ ಮೇಲೆ ಹೊಸಬಳನ್ನು ಕಂಡು ವಿಚಾರಿಸಿದರು. ಊರಿನ ಸಣ್ಣಪುಟ್ಟ ತೊಡಕುಗಳೆಂದರೆ ಅವರಿಗೆ ಹಬ್ಬ. ಜೋಳಿಗೆ ಕೆಳಗಿಟ್ಟು, ಕುಳಿತು, ಆಣೆಯ ಮಾತು ಹೇಗಿತ್ತೋ ಹಾಗೇ ಹೇಳೆಂದು ಚಿಗವ್ವನನ್ನು ಕೇಳಿದರು. ಅವಳು ಗಂಡನ ದನಿಯಲ್ಲೇ ಹೇಳಿದಳು. ಆ ವಾರ್ನಿಶಿನ ಬಾಗಿಲು ಇರುವತನಕ ಅವರ ಮನೆಯೊಳಗೆ ನಾನು ಕಾಲಿಡುವುದಿಲ್ಲ, ನಮ್ಮ ಮನೆಯ ಮಂದಿಯೂ ಇಡುವುದಿಲ್ಲ. ಅಯ್ಯನವರು ನಮ್ಮ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು.

"ಬಾಗಿಲಾ ಇರ್ಲಿ. ವಾರನೀಸ ಹೋಗ್ಲಿ. ಬ್ಯಾರೆ ಬಣ್ಣಾ ಬಳೀರಿ. ಆಮ್ಯಾಲ ಅದು ವಾರನೀಸಿನ ಬಾಗಿಲಾ ಹ್ಯಾಂಗಾದೀತು?"

ಚಿಗವ್ವ, ಅದು ಆಗಬಹುದು ಎಂದಳು. ಬಣ್ಣ ಆದ ಮೇಲೆ ಕರೆಯಲು ಬಾ ಎಂದು ನನಗೆ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹುಕ್ಕೇರಿಗೆ ಹೋದಳು. ಅವ್ವ ಹೊರಸಿನ ಮೇಲಿಂದ ನನ್ನನ್ನು ನೋಡಿದ ರೀತಿ ಈಗಲೂ ನನ್ನ ಬೆನ್ನಿಗೆ ಚುಚ್ಚುತ್ತದೆ. ಲಗೂನ ಆಗಲಿ ಎಂದಳು.

ಊರಿನ ಬಣ್ಣದವರೆಲ್ಲ ಲಷ್ಕರದ ಕೆಲಸಕ್ಕೆಂದು ಬೆಳಗಾವಿಗೆ ಹೋಗಿದ್ದರು. ಬಣ್ಣವೂ ಸಿಗುತ್ತಿರಲಿಲ್ಲ. ಇಮಾಮಸಾಬರ ಅಂಗಡಿಯಲ್ಲಿ ಮೊಳೆ, ಹಗ್ಗ, ಬಕೀಟುಗಳ ಹಿಂದೆ ಒಂದೇ ಡಬ್ಬಿ ಉಳಿದಿತ್ತು, ಹಸಿರು. ದರ್ಗಾದ ಬಾಗಿಲಿಗೆ ತರಿಸಿದ್ದರಲ್ಲಿ ಉಳಿದದ್ದಂತೆ. "ಒಯ್ಯರಿ ಬೇಲೀಫ ಸಾಹೇಬ್ರ. ನಿಮ್ಮನ್ನ ಕಂಡ್ರ ಊರ ಮಂದಿ ಬಾಗಿಲಾ ಹಾಕ್ಕೊಂತಾರ, ನೀವರ ಒಂದು ಬಾಗಿಲಾ ತಗೀರಿ" ಎಂದು ನಕ್ಕರು. ಹಸಿರಲ್ಲದೆ ಬೇರೆ ಇದ್ದಿದ್ದರೆ ನಾನು ಏನು ಆರಿಸುತ್ತಿದ್ದೆನೋ ಹೇಳಲಾರೆ. ನನಗೆ ಬಣ್ಣಗಳಲ್ಲಿ ಅಷ್ಟಾಗಿ ನಂಬಿಕೆಯಿಲ್ಲ.

ಕೋರ್ಟಿಗೆ ರಜೆ ಹಾಕಿದೆ. ಬಡಗಿಗಳು ಗಾಜಿನ ಚೂರಿನಿಂದ ಕಟ್ಟಿಗೆ ಹೆರೆಯುವುದನ್ನು ನೋಡಿದ್ದೆ. ನಾನೂ ಒಡೆದ ಕಂದೀಲಿನ ಗಾಜು ಹಿಡಿದು ಶುರುಮಾಡಿದೆ. ಅಜ್ಜ ಬಳಿಸಿದ್ದು, ಅದರ ಮೇಲೆ ಅಪ್ಪ ವರ್ಷ ವರ್ಷ ಬಳಿಸಿದ್ದು, ಎಲ್ಲ ಕೂಡಿ ವಾರ್ನಿಶ್ ಕದದ ಮೇಲೆ ಇನ್ನೊಂದು ಕದದಷ್ಟು ದಪ್ಪವಾಗಿತ್ತು. ಬೆಳಗಿನಿಂದ ಮಧ್ಯಾಹ್ನದತನಕ ಹೆರೆದರೆ ಒಂದು ಅಂಗೈಯಷ್ಟು ಜಾಗದಲ್ಲಿ ತೇಗಿನ ಬರಿ ಮೈ ಕಂಡಿತು. ಬೆರಳು ಕೊಯ್ದುಕೊಂಡೆ. ನಮ್ಮಾಕಿ ಬಂದು ನೋಡಿ, ಈ ಲೆಕ್ಕದಲ್ಲಿ ಚಿಗವ್ವನನ್ನು ಮುಂದಿನ ದೀಪಾವಳಿಗೆ ಕರೆಯೋಣವೇ ಎಂದು ಕೇಳಿದಳು. ಒಳಗಿನಿಂದ ಅವ್ವ, ಆಯಿತೇನು ಎಂದು ಕೂಗುತ್ತಲೇ ಇದ್ದಳು. ಗಾಜು ಬಿಸಾಕಿದೆ. ಕೆಳಗೆ ಏನಿದ್ದರೇನು, ಮೇಲೆ ಹಸಿರು ಕಂಡರಾಯಿತು ಎಂದು ವಾರ್ನಿಶಿನ ಮೇಲೆಯೇ ಬಣ್ಣ ಎಳೆದುಬಿಟ್ಟೆ.

ಬಣ್ಣ ಆರಲೊಲ್ಲದು. ಕೋಳಿಯ ಪುಕ್ಕ, ಹೊಟ್ಟು, ದಾರಿಯ ಧೂಳು ಎಲ್ಲ ಬಂದು ಕೂತವು. ನೋಡಲು ಬಂದವರೆಲ್ಲ ಮುಟ್ಟಿ ಮುಟ್ಟಿ ಹೋದರು. ಆದರೂ ದೂರದಿಂದ ಹಸಿರಾಗಿತ್ತು. ಹಳೆಯ ಕದಕ್ಕೂ ಹೊಸ ಕದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಅಪ್ಪ ಜೀವನವಿಡೀ ಮಾಡಲಾಗದ್ದನ್ನು ನಾನು ಒಂದು ಡಬ್ಬಿಯಲ್ಲಿ ಮಾಡಿದೆ ಎಂದು ಕ್ಷಣಹೊತ್ತು ಎದೆಯುಬ್ಬಿಸಿದ್ದೂ ಉಂಟು.

ಹುಕ್ಕೇರಿಗೆ ಕರೆಯಲು ಹೋದೆ. ಆಗಿನ ಬಸ್ಸುಗಳು ಪೆಟ್ರೋಲ್ ಸಿಗದೆ ಇದ್ದಲಿಯ ಹೊಗೆಯಿಂದ ಓಡುತ್ತಿದ್ದವು, ಓಡುತ್ತಿದ್ದವೆಂದರೆ ಇಳಿಜಾರಿನಲ್ಲಿ. ಘೋಡಗೇರಿಯ ಹತ್ತಿರ ಏರು ಬಂದಾಗ ಎಲ್ಲರೂ ಇಳಿದು ನೂಕಿದೆವು. ಹೋಗುವಾಗ ಬಸ್ಸನ್ನೂ ನೂಕಿದೆ, ಮನಸ್ಸಿನಲ್ಲಿ ಒಂದು ಉತ್ತರವನ್ನೂ ನೂಕುತ್ತಿದ್ದೆ. ವಾರ್ನಿಶ್ ಪೂರಾ ಹೋಯಿತೇ ಎಂದು ಅವಳು ಕೇಳಿದರೆ ಏನು ಹೇಳುವುದು? ಹೆರೆದೆ ಎನ್ನಬಹುದು, ಅದು ಸುಳ್ಳಲ್ಲ. ಪೂರಾ ಎಂಬ ಮಾತು ಬಾರದಂತೆ ಹೇಳಬೇಕು.

ಅವಳು ಬಾಗಿಲಲ್ಲೇ ಕುಳಿತಿದ್ದಳು. ಅವಳ ಹಿಂದೆ ನಮ್ಮ ಕದದ ಜೋಡಿ ಕದ. ಅದಕ್ಕೆ ಕಾಕಾ ಎಂದೂ ವಾರ್ನಿಶ್ ತೋರಿಸದೆ ಬಿಟ್ಟಿದ್ದ. ಬಿಸಿಲಿಗೆ ಹೊಳಪು ಹೋಗಿ, ಬಿರಿದು, ಎಲ್ಲರ ಮನೆಯ ಬಾಗಿಲಿನಂತೆಯೇ ಆಗಿತ್ತು. ಅವಳ ಬಟ್ಟೆಯ ಗಂಟು ಕಟ್ಟಿ ಸಿದ್ಧವಾಗಿಯೇ ಇತ್ತು. "ಯಾವ ಬಣ್ಣಾ?" ಎಂದಳು. ಹಸಿರು ಎಂದೆ. "ಛಲೋ ಆತು" ಎಂದು ಎದ್ದಳು. ಅಷ್ಟೇ ಕೇಳಿದ್ದು. ದಾರಿಯುದ್ದಕ್ಕೂ ನನ್ನ ಉತ್ತರ ನನ್ನ ಬಾಯಲ್ಲೇ ಕೊಳೆಯಿತು.

ಗೋಕಾಕದ ಮನೆಗೆ ಅವಳು ಮೊದಲ ಸಲ ಕಾಲಿಟ್ಟ ಹೊತ್ತನ್ನು ಬಣ್ಣಿಸಬೇಕೆಂದು ಬಹಳ ಸಲ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ. ನಾನು ಆಗ ಬಸ್ಸಿನಿಂದ ಗಂಟು ಹೊತ್ತು ಬಂದು ಏದುಸಿರು ಬಿಡುತ್ತ ಓಣಿಯಲ್ಲೇ ನಿಂತಿದ್ದೆ. ನೋಡಲಿಲ್ಲ. ನಾನು ಒಳಗೆ ಹೋಗುವಷ್ಟರಲ್ಲಿ ಅವಳು ಅವ್ವನ ಹೊರಸಿನ ಮೇಲೆ ಕುಳಿತು, ಅವ್ವನ ಕೂದಲು ಬಿಚ್ಚಿ, ಇದನ್ನು ಎಷ್ಟು ದಿನದಿಂದ ಬಾಚಿಲ್ಲ ಎಂದು ನಮ್ಮಾಕಿಯನ್ನು ಬಯ್ಯುತ್ತಿದ್ದಳು. ಅವ್ವ ಕಣ್ಣು ಮುಚ್ಚಿದ್ದಳು. ಬಯ್ಗುಳ ತಿಂದ ನಮ್ಮಾಕಿ ಒಳಗೆ ಹೋಗಿ ಒಲೆಯ ಮುಂದೆ ಕಣ್ಣೊರೆಸಿಕೊಂಡಳು, ಹೊಗೆ ಎಂದಳು.

ಆಮೇಲೆ ಕೆಲವು ದಿನ ನಮ್ಮ ಮನೆಯಲ್ಲಿ ಸುಖವಿತ್ತು. ಅವ್ವ ತಂಗಿಯ ಕೈಯಲ್ಲಿ ಮೈ ಒರೆಸಿಕೊಂಡಳು, ಗಂಜಿ ಕುಡಿದಳು, ಜಗಳವಾಡಿದಳು. ಪಾಲಾದ ದಿನ ಯಾರು ಮೊದಲು ಅತ್ತರು ಎಂಬುದರ ಮೇಲೆ ಇಬ್ಬರೂ ದಿನವೂ ಕಚ್ಚಾಡುತ್ತಿದ್ದರು. ಕೇಳಿ ಕೇಳಿ ನನಗೂ ನಾನು ಅತ್ತ ಹಾಗೆ ನೆನಪಾಗತೊಡಗಿತು.

ಒಂದು ಸಂಜೆ ಕೋರ್ಟಿನಿಂದ ಬಂದಾಗ ಚಿಗವ್ವ ಗಂಟು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗಿನಿಂದ ಅವ್ವನ ಅಳು. ನಮ್ಮಾಕಿ ಬಾಗಿಲ ಕಡೆ ಕೈ ತೋರಿದಳು. ಚಿಲಕದ ಕೆಳಗೆ ಒಂದು ಎಲೆಯಗಲ ಹಸಿರು ಸಿಪ್ಪೆಯಂತೆ ಸುಲಿದು ಬಿದ್ದಿತ್ತು. ಅದರಡಿಯಲ್ಲಿ ಅಜ್ಜನ ಕಾಲದ ಹೊಳಪು ಹೊಳೆಯುತ್ತಿತ್ತು, ಏನೂ ಆಗದವರ ಹಾಗೆ. ಅವ್ವ ಅಷ್ಟು ಅಮಾವಾಸ್ಯೆಗಳಲ್ಲಿ ಉಜ್ಜಿ ಉಜ್ಜಿ ಇಳಿಸಿದ ಎಣ್ಣೆಯೇ ಬಣ್ಣವನ್ನು ಹಿಡಿಯಗೊಡುತ್ತಿರಲಿಲ್ಲ. ಅವ್ವನ ಕೈಯೇ ಅವ್ವನಿಗೆ ಅಡ್ಡ ಬಂದಿತ್ತು.

ಚಿಗವ್ವ ನನ್ನ ಮೇಲೆ ಸಿಟ್ಟಾಗಲಿಲ್ಲ. "ಕಂಡ ಮ್ಯಾಲ ಹ್ಯಾಂಗ ಒಳಗಿರಲೊ ತಮ್ಮಾ? ಕಾಣದಂಗ ಮಾಡು, ಬರ್ತೇನಿ" ಎಂದಳು.

ಅಂಗಿಯನ್ನೂ ತೆಗೆಯದೆ ಡಬ್ಬಿ ಬಿಚ್ಚಿದೆ. ಕತ್ತಲಾಗುವಷ್ಟರಲ್ಲಿ ಬಳಿದು ಮುಗಿಸಿದೆ. ಅವಳು ಗಂಟು ಎತ್ತಿಕೊಂಡು ಒಳಗೆ ಹೋದಳು. ಅವ್ವನ ಅಳು ನಿಂತಿತು. ಅಂದಿನಿಂದ ಅದೇ ನನ್ನ ಬದುಕಾಯಿತು. ಬೆಳಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಬಾಗಿಲು ನೋಡುವುದು. ಮೇಲೆ ಹೋದಲ್ಲಿ ಮೇಲೆ, ಕೆಳಗೆ ಹೋದಲ್ಲಿ ಕೆಳಗೆ, ಅವಳು ಏಳುವ ಮೊದಲು ಬಳಿಯುವುದು. ಕೋರ್ಟಿನಿಂದ ಬಂದು ಮತ್ತೆ ಬಳಿಯುವುದು. ಇಲ್ಲಿ ಬಳಿದರೆ ಅಲ್ಲಿ ಸುಲಿಯುತ್ತಿತ್ತು. ಎಲ್ಲವನ್ನೂ ಸರಿಯಾಗಿ ಹೆರೆದು ಹೊಸದಾಗಿ ಬಳಿಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೆರೆಯುವಷ್ಟು ದಿನವೂ ವಾರ್ನಿಶ್ ಬಯಲಲ್ಲಿ ಇರುತ್ತದೆ, ಅಷ್ಟು ದಿನ ಚಿಗವ್ವ ಕಟ್ಟೆಯ ಮೇಲಿರಬೇಕು. ಅವ್ವನ ಹತ್ತಿರ ಅಷ್ಟು ದಿನಗಳು ಇದ್ದಂತೆ ಕಾಣಲಿಲ್ಲ. ಹೀಗೆ, ಮಂದಿಯ ಬಾಗಿಲು ತೆರೆಸುವುದರಲ್ಲಿ ಹಗಲು ಕಳೆದು, ನನ್ನ ಬಾಗಿಲು ಮುಚ್ಚುವುದರಲ್ಲಿ ಉಳಿದ ಹೊತ್ತು ಕಳೆದೆ. ಅನ್ನ ಕಲಸಿದರೆ ಕೈ ಎಣ್ಣೆಬಣ್ಣದ ವಾಸನೆ ಹೊಡೆಯುತ್ತಿತ್ತು. ಸಮನ್ಸಿನ ಮೇಲೆ ಹಸಿರು ಬೆರಳು ಮೂಡಿ ಶಿರಸ್ತೇದಾರರಿಂದ ಬಯ್ಸಿಕೊಂಡೆ. ಕೈ ಎತ್ತಿದರೆ ಇಳಿಸಲಾಗದು, ಇಳಿಸಿದರೆ ಎತ್ತಲಾಗದು.

ಡಬ್ಬಿ ತಳ ಕಂಡಿತು. ಸೀಮೆಎಣ್ಣೆ ಬೆರೆಸಿ ತೆಳು ಮಾಡಿದೆ. ಅದು ಇನ್ನೂ ಲಗೂ ಸುಲಿಯಿತು. ಇಮಾಮಸಾಬರ ಬಳಿ ಹೋದೆ. ಅವರು ನಗಲಿಲ್ಲ ಈ ಸಲ. ಮೂಡಲಗಿಯಲ್ಲಿ ಕೇಳಿಸಿದರು, ಹುಕ್ಕೇರಿಯಲ್ಲಿ ಕೇಳಿಸಿದರು. ಎಲ್ಲೂ ಇಲ್ಲ. ಲಡಾಯಿ ಮುಗಿಯಲಿ ಎಂದರು. ಲಡಾಯಿ ಮುಗಿಯುವತನಕ ಅವ್ವ ಕಾಯುವಳೇ ಎಂದು ನಾನು ಅವರನ್ನು ಕೇಳಲಿಲ್ಲ.

ಆ ಹೊತ್ತಿಗೆ ಅವ್ವನಿಗೆ ಗಂಜಿಯೂ ಸೇರುತ್ತಿರಲಿಲ್ಲ. ತಂಗಿಯ ಸೆರಗಿನ ಚುಂಗು ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದಳು. ಚಿಗವ್ವ ಅಲುಗದೆ ಕುಳಿತಿರುತ್ತಿದ್ದಳು. ಕೊನೆಯ ಸಲ ಕುಂಚ ಒಣಗಿ ಡಬ್ಬಿಯ ಗೋಡೆಯನ್ನು ಕೆರೆದಾಗ ನಾನು ಅದನ್ನು ಕಟ್ಟೆಯ ಮೂಲೆಗೆ ಎಸೆದು ಒಳಗೆ ಬಂದೆ. ನಮ್ಮಾಕಿಗೆ ಹೇಳಿದೆ, ನಾಳೆ ಎಲ್ಲಾದರೂ ಸುಲಿದರೆ ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ಮೆಲ್ಲಗೆ ಹೇಳಿದೆನೆಂದು ತಿಳಿದಿದ್ದೆ. ಸಣ್ಣ ಮನೆ.

ಬೆಳಗ್ಗೆ ಏಳಲು ಮನಸ್ಸಾಗಲಿಲ್ಲ. ಎದ್ದು ಬಾಗಿಲಿಗೆ ಬಂದರೆ ಹಳೆಯ ಕದದ ಮೇಲೆ ಎದೆಯೆತ್ತರದಲ್ಲಿ ಒಂದು ದೊಡ್ಡ ಹಪ್ಪಳದಷ್ಟು ಬಣ್ಣ ಹೋಗಿತ್ತು. ಹೋದದ್ದು ಗೊತ್ತಾದದ್ದು ಅಂಚಿನಿಂದ. ನಡುವೆ ಹಸಿರೇ ಇತ್ತು. ಆದರೆ ಬೇರೆ ಹಸಿರು, ಎಳೆಯದು, ಹೊಳಪಿಲ್ಲದ್ದು. ಕುಂಚದ ಎಳೆಗಳಿರಲಿಲ್ಲ, ಬೆರಳಿನ ಎಳೆಗಳಿದ್ದವು. ಬಗ್ಗಿ ಮೂಸಿದೆ. ಅರಿಷಿಣ. ಹೊಸ್ತಿಲ ಬದಿಗೆ ಒಂದು ಬಟ್ಟಲು. ಅದರೊಳಗೆ ಬಟ್ಟೆಗೆ ಹಾಕುವ ನೀಲಿಯ ಪುಡಿ, ಅರಿಷಿಣ, ಕರಗಿಸಿದ ಜಾಲಿಯ ಅಂಟು ಕಲಸಿದ್ದರ ಉಳಿಕೆ.

ನಮ್ಮಾಕಿಯ ಕೆಲಸವೆಂದುಕೊಂಡೆ. ಅವಳು ಇನ್ನೂ ಹಾಸಿಗೆಯಲ್ಲಿದ್ದಳು. ಬಣ್ಣ ನಿಲ್ಲುತ್ತದೋ ಇಲ್ಲವೋ ನೋಡಲು ಬೆರಳು ಚಾಚಿದೆ.

"ಮುಟ್ಟಬ್ಯಾಡ ತಮ್ಮಾ, ಹಸೀ ಐತಿ" ಎಂದಳು ಹಿಂದಿನಿಂದ ಚಿಗವ್ವ.

ತಿರುಗಿ ನೋಡಿದೆ. ಅವಳು ಪಡಸಾಲೆಯಲ್ಲಿ ನಿಂತಿದ್ದಳು, ಮನೆಯ ಒಳಗೆ. ಎರಡೂ ಕೈ ಮಣಿಕಟ್ಟಿನತನಕ ಹಸಿರು. ನನ್ನನ್ನು ನೋಡದೆ ಕದವನ್ನೇ ನೋಡುತ್ತಿದ್ದಳು, ಎಲ್ಲಾದರೂ ಹೊಳಪು ಉಳಿದಿದೆಯೇ ಎಂದು. ಅಷ್ಟರಲ್ಲಿ ಅವ್ವ ಎಚ್ಚರಾಗಿ ತಂಗಿ ಎಂದು ಕರೆದಳು. ಅವಳು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಹೊರಸಿನ ಕಡೆ ನಡೆದಳು.